ಅರ್ಥವಿಲ್ಲದ ಗಾಡಿ

ನಾನು ಕನ್ನಡ ಮಾಸ್ತರ. ಗಲಗಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಮಕ್ಕಳಿಗೆ ಅರ್ಥ ಹೇಳುತ್ತ ಬಂದವನು. ಪದ್ಯದ ಅರ್ಥ, ಸಮಾಸದ ಅರ್ಥ, ಪಾಠದ ಕೊನೆಗೆ ಕೊಟ್ಟ ಕಠಿಣ ಪದಗಳ ಅರ್ಥ. ಇಂಥವನಿಗೆ ಎರಡಕ್ಷರದ ಒಂದು ಪದದ ಅರ್ಥ ತಿಳಿಯದೆ, ಸೆಕೆಂಡ್ ಹ್ಯಾಂಡ್ ಬೈಕೊಂದು ಐದು ತಿಂಗಳು ನೀರು ಕುಡಿಸಿತು ಎಂದರೆ ನೀವು ನಗುತ್ತೀರಿ. ನಗಿರಿ. ನನ್ನ ಹೆಂಡತಿ ಮಾತ್ರ ನಗಲಿಲ್ಲ, ಯಾಕೆಂದರೆ ಆ ಗಾಡಿಯನ್ನು ನಂಬಿ ನಾನು ಪಣಕ್ಕಿಟ್ಟದ್ದು ಅವಳ ಪರೀಕ್ಷೆಯನ್ನು.

ಅವಳದು ಬನಹಟ್ಟಿ. ಮಗ್ಗದ ಮನೆಯ ಹುಡುಗಿ. ಎಂಟು ಪವರ್‌ಲೂಮಿನ ಸದ್ದಿನಲ್ಲೇ ಓದಿ ಪಿಯುಸಿ ಎರಡನೆಯ ವರ್ಷಕ್ಕೆ ಬಂದಿದ್ದಳು. ಆಗ ನಾನು ಹೋಗಿ ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿ ಛಲೋ ಇದ್ದಾಳೆ ಎಂದು ಒಪ್ಪಿಗೆ ಕೊಟ್ಟೆ. ಲಗ್ನದ ತಾರೀಖು ಬಿದ್ದದ್ದು ಮಾರ್ಚಿನಲ್ಲಿ, ಸರಿಯಾಗಿ ಪರೀಕ್ಷೆಯ ವಾರದಲ್ಲಿ. ಹದಿನೈದು ದಿನ ಮುಂದೆ ಹಾಕಿದರೆ ಆಗುತ್ತದೆಯೇ ಎಂದು ಅವಳು ಯಾರ ಕೈಲೋ ಕೇಳಿಸಿದ್ದಳು. ನಾನು ಶಿಕ್ಷಕ ನೋಡಿ, ಶಿಕ್ಷಣದ ಬೆಲೆ ಬಲ್ಲವನು! "ಪರೀಕ್ಷಿ ಮುಂದಿನ ವರ್ಷ ಬರೀಬಹುದು, ಮುಹೂರ್ತ ಮತ್ತ ಸಿಗೂದಿಲ್ಲ" ಎಂದು ಹೇಳಿ ಕಳಿಸಿದೆ. ಆ ಮುಂದಿನ ವರ್ಷ ಬರುವುದಕ್ಕೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಮಗಳು ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೇಲೆ ಒಂದು ಸಂಜೆ ಹೆಂಡತಿ ಖಾಸಗಿ ಅಭ್ಯರ್ಥಿಯ ಅರ್ಜಿ ತುಂಬಿ ತಂದು ನನ್ನ ಚಹಾದ ಕಪ್ಪಿನ ಪಕ್ಕದಲ್ಲಿಟ್ಟಳು. ಬರೆಯಲೇ ಎಂದು ಕೇಳಲಿಲ್ಲ, ತೋರಿಸಿದಳು, ಅಷ್ಟೇ. ನಾವಿರುವುದು ಜಮಖಂಡಿಯಲ್ಲಿ, ಅವಳ ಪರೀಕ್ಷಾ ಕೇಂದ್ರ ಮುಧೋಳದಲ್ಲಿ. ನನಗೆ ಒಳಗೊಳಗೇ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ದೊಡ್ಡ ಮಾತಾಡುತ್ತೇನೆ, ಅದು ನನ್ನ ಚಟ.

"ನಾ ಬಿಡಿಸಿದ ಪರೀಕ್ಷಿ ಇದು. ನಾನ ನಿನ್ನ ಗೇಟಿನ ತನಕ ಮುಟ್ಟಸ್ತೇನಿ."

"ಬಸ್ ಅದಾವಲ್ರಿ" ಎಂದಳು. "ಹೆಣ್ಮಕ್ಕಳಿಗಿ ಟಿಕೇಟ ಇಲ್ಲ, ಫುಕಟ್ ಬ್ಯಾರೆ."

"ಆ ಗದ್ದಲದಾಗ ಒಂಟಿ ಕಾಲಿನ ಮ್ಯಾಲ ನಿಂತ ಹೋಗಿ ಏನ್ ಬರೀತಿ? ಒಂದ ಗಾಡಿ ತಗೊಳ್ಳೂಣು."

ಹೀಗೆ ಗಾಡಿ ಬಂತು. ತೇರದಾಳದ ಒಬ್ಬ ದಲಾಲ ತೋರಿಸಿದ. ಕೆಂಪು ಬಣ್ಣ. ಅಬ್ಬಬ್ಬಾ, ಏನು ಬಣ್ಣ! ಟಾಕಿಗೆ ಮಾತ್ರವಲ್ಲ, ಚಾಸಿಗೆ, ಸ್ಟ್ಯಾಂಡಿಗೆ, ಸೀಟಿನ ಕೆಳಗಿನ ಕಬ್ಬಿಣಕ್ಕೆ, ಕಂಡಕಂಡಲ್ಲಿ ಮೆತ್ತಿದ್ದರು. "ಸಿಂಗಲ್ ಹ್ಯಾಂಡ್ ಗಾಡಿರಿ ಸರ, ಡಾಕ್ಟರ್ ಸಾಹೇಬ್ರ ಹೊಡದದ್ದು" ಎಂದ ದಲಾಲ. ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ. ದನದ ಡಾಕ್ಟರು, ಹೊಲ ಹೊಲ ಅಲೆದ ಗಾಡಿ ಎಂಬುದು ದುಡ್ಡು ಕೊಟ್ಟ ಮೇಲೆ ತಿಳಿಯಿತು. ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದು, "ಹಳೀ ಗಾಡಿಗಿ ಹೊಸಾ ಬಣ್ಣ ಯಾಕ ಬಡದಾರ್ರೀ?" ಎಂದು ಕೇಳಿದಳು. "ಚಂದ ಕಾಣ್ಲಿ ಅಂತ" ಎಂದೆ. ಅಲಂಕಾರ ಪಾಠ ಮಾಡುವವನಿಗೆ ಅಷ್ಟೂ ಗೊತ್ತಿಲ್ಲದಿದ್ದರೆ ಹೇಗೆ.

ಹದಿನೈದು ದಿನ ಗಾಡಿ ಓಡಿತು. ಹದಿನಾರನೆಯ ದಿನ ಹಾರ್ನ್ ಒತ್ತಿದರೆ ನೆಗಡಿಯಾದವರ ದನಿ ಬಂತು. ಇಂಡಿಕೇಟರ್ ಹಾಕಿದರೆ ಲೈಟು ಸಪ್ಪಗಾಗುತ್ತಿತ್ತು. ಸೆಲ್ಫ್ ಬಟನ್ ಒತ್ತಿದರೆ ಒಳಗೆಲ್ಲೋ ಟಿಕ್ ಟಿಕ್ ಎಂದು ಹಲ್ಲಿ ಲೊಚಗುಟ್ಟಿದಂತೆ ಸದ್ದು ಬಂದು ನಿಂತುಬಿಡುತ್ತಿತ್ತು. ಕಿಕ್ಕಿನ ಹಲ್ಲು ಸವೆದುಹೋಗಿ, ತುಳಿದರೆ ಪೆಡಲು ಸುಮ್ಮನೆ ಜಾರಿ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಆ ಭಾನುವಾರ ಹೆಂಡತಿಯನ್ನು ಜೊತೆಗೆ ಕರೆದುಕೊಂಡು, ಗಾಡಿಯನ್ನು ತಳ್ಳುತ್ತ, ಜಮಖಂಡಿಯ ಒಬ್ಬ ಹಳೆಯ ಮಿಸ್ತ್ರಿಯ ತಗಡಿನ ಶೆಡ್ಡಿಗೆ ಹೋದೆ.

ಮಿಸ್ತ್ರಿ ಮಾತು ಕಡಿಮೆಯ ಮನುಷ್ಯ. ಬಾಯಲ್ಲಿ ತಂಬಾಕು ಇದ್ದವನಿಗೆ ಮಾತು ಹೇಗೆ ಹೆಚ್ಚು ಬಂದೀತು? ಸೀಟು ತೆಗೆದ. ಹಾರ್ನ್ ಒತ್ತಿ ನರಳಿಸಿದ. ಒಂದು ತುಂಡು ವಾಯರ್ ತೆಗೆದುಕೊಂಡು ಒಂದು ತುದಿಯನ್ನು ಬ್ಯಾಟರಿಗೆ ಹಿಡಿದು ಇನ್ನೊಂದನ್ನು ಇಂಜಿನ್ನಿಗೆ ಮುಟ್ಟಿಸಿದ. ಹಾರ್ನ್ ಒಮ್ಮೆಗೇ ಗಟ್ಟಿಯಾಗಿ ಕೂಗಿತು. ವಾಯರ್ ತೆಗೆದ, ಮತ್ತೆ ನರಳಿತು. ಪಕ್ಕಕ್ಕೆ ಉಗುಳಿ ಬಂದು ಹೇಳಿದ:

"ಸರ, ಇದರಾಗ ಅರ್ಥಿಲ್ರಿ."

ನನಗೆ ಸಿಟ್ಟು ಬಂದಿತು. ನೋಡಿ, ಎಂಟು ದಿನ ಯೋಚಿಸಿ, ನಾಲ್ಕು ಜನರ ಹತ್ತಿರ ಕೇಳಿ, ಪ್ರಾವಿಡೆಂಟ್ ಫಂಡಿಗೆ ಕೈಹಾಕಿ ಕೊಂಡ ಗಾಡಿ. ಅದರಲ್ಲಿ ಅರ್ಥವಿಲ್ಲ ಎನ್ನುತ್ತಾನೆ ಈ ಮನುಷ್ಯ! ಅದೂ ಹೆಂಡತಿಯ ಮುಂದೆ!

"ಅರ್ಥ ಇಲ್ಲಂದ್ರ?" ಎಂದೆ, ಮಾಸ್ತರಿಕೆಯ ದನಿಯಲ್ಲಿ.

"ಪೂರಾ ಗಾಡಿಗೇ ಅರ್ಥಿಲ್ರಿ. ಮೊದ್ಲ ಅರ್ಥ ಕೊಡೂಣು, ಉಳಿದದ್ದ ಆಮ್ಯಾಲ ನೋಡೂಣು."

"ನನಗ ಅರ್ಥ ಕೊಡಾಕ ಬರಬ್ಯಾಡ. ಅರ್ಥ ಹೇಳೇ ಹೊಟ್ಟಿ ತುಂಬ್ಕೊಳ್ಳಾಂವ ನಾನು."

ಮಿಸ್ತ್ರಿ ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದ. ಹೆಂಡತಿ ನನ್ನ ತೋಳು ಹಿಡಿದು, "ರೀ, ಅಂವ ಹೇಳಾಕತ್ತಿದ್ದು..." ಎಂದು ಬಾಯಿ ತೆರೆದಳು. "ನಿನಗ ಅರ್ಥ ಆಗೂದಿಲ್ಲ, ಸುಮ್ನಿರು" ಎಂದೆ. ಅವಳು ಸುಮ್ಮನಾದಳು. ಇಪ್ಪತ್ತೆರಡು ವರ್ಷಗಳಲ್ಲಿ ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೋ, ಅವಳು ಎಷ್ಟು ಸಲ ಸುಮ್ಮನಾಗಿದ್ದಳೋ. ನನಗೆ ಅದು ರೂಢಿಯಾಗಿಬಿಟ್ಟಿತ್ತು.

ಅಲ್ಲಿಂದ ಶುರುವಾಯಿತು ನನ್ನ ತೀರ್ಥಯಾತ್ರೆ. ಮುಧೋಳದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಹೊಳೆಯುವ ಮೀಟರ್ ಹಿಡಿದು, ಎರಡು ಕಡ್ಡಿ ಚುಚ್ಚಿ, "ಬ್ಯಾಟರಿ ಸತ್ತೈತ್ರಿ ಸರ" ಎಂದ. ಆಹಾ, ಮನುಷ್ಯ ಎಂದರೆ ಇವನು, ಖಚಿತವಾಗಿ ಮಾತಾಡುತ್ತಾನೆ ಎನಿಸಿತು. ಹೊಸ ಬ್ಯಾಟರಿ ಹಾಕಿಸಿದೆ. ಎಂಟು ದಿನ ಗಾಡಿ ಕುದುರೆಯಾಯಿತು. ಒಂಬತ್ತನೆಯ ದಿನ ಶಾಲೆ ಬಿಟ್ಟ ಮೇಲೆ ಅಂಗಳದಲ್ಲೇ ನಿಂತಿತು. ನಮ್ಮ ವಿಜ್ಞಾನ ಮಾಸ್ತರರು ಹಿಂದಿನಿಂದ ತಳ್ಳಿದರು. ತಳ್ಳುತ್ತಲೇ ವಿದ್ಯುತ್ ಮಂಡಲದ ಪಾಠ ಮಾಡಿದರು. ನಾನು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡುವ ಗಡಿಬಿಡಿಯಲ್ಲಿ ಒಂದಕ್ಷರವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾಡಗಂಡಿಯ ಹತ್ತಿರ ಒಂದು ಮಧ್ಯಾಹ್ನ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ನಡುವೆ ಸಿಕ್ಕಿಕೊಂಡಾಗ ಹಾರ್ನ್ ಪೂರ್ತಿ ಮೂಕವಾಯಿತು. ಮುಂದಿನ ಟ್ರ್ಯಾಕ್ಟರಿನವನು ಟೇಪು ಹಾಕಿಕೊಂಡು ರಸ್ತೆಯ ನಡುವೆ ನಿಧಾನವಾಗಿ ಹೊರಟಿದ್ದ. ನಾನು, ಹಳಗನ್ನಡ ಪದ್ಯವನ್ನು ರಾಗವಾಗಿ ಓದುವ ಮಾಸ್ತರ, "ಏ ಮಾರಾಯಾ, ಸರೀಯೋ! ಸರೀಯೋ!" ಎಂದು ಅರ್ಧ ಮೈಲು ಅರಚುತ್ತ ಹೋದೆ. ಬೀಳಗಿಯ ಗ್ಯಾರೇಜಿನವನು ಕರೆಂಟನ್ನು ಹದಕ್ಕೆ ತರುವ ಡಬ್ಬಿ ಸುಟ್ಟಿದೆ ಎಂದು ಅದನ್ನು ಬದಲಿಸಿದ. ಮತ್ತೆ ಹತ್ತು ದಿನ ಚೆನ್ನಾಗಿ ನಡೆಯಿತು, ಮತ್ತೆ ಅದೇ ಟಿಕ್ ಟಿಕ್. ಕೊನೆಗೆ ಬನಹಟ್ಟಿಯಲ್ಲಿ ಮಗ್ಗದ ಮೋಟಾರು ಸುತ್ತುವವನೊಬ್ಬ, "ಒಳಗಿನ ಕಾಯಿಲ್ ಹೋಗೈತ್ರಿ, ಹೊಸದಾಗಿ ಸುತ್ತಿ ಕೊಡ್ತೇನಿ. ಮಗ್ಗದ ಮೋಟರ್ ಕಟ್ಟಾವ್ರಿಗಿ ಇದೇನ್ರಿ" ಎಂದ. ಸುತ್ತಿ ಕೊಟ್ಟ. ತಾಮ್ರದ ತಂತಿ ಎಷ್ಟು ನೀಟಾಗಿ ಕೂತಿತ್ತೆಂದರೆ, ಅದನ್ನು ಮತ್ತೆ ಒಳಗೆ ಮುಚ್ಚಿಡುವುದಕ್ಕೇ ನನಗೆ ಮನಸ್ಸಾಗಲಿಲ್ಲ.

ಆ ಕಾಯಿಲ್ ಸುತ್ತಿಸಲು ಹೋದ ದುಡ್ಡು ಯಾವುದು ಎಂಬುದನ್ನು ಹೇಳಲೇಬೇಕು. ಅರ್ಥಶಾಸ್ತ್ರ ನನ್ನ ಹೆಂಡತಿಗೆ ಕಬ್ಬಿಣದ ಕಡಲೆ. ಅದಕ್ಕೆಂದೇ ನಿವೃತ್ತ ಉಪನ್ಯಾಸಕರೊಬ್ಬರ ಹತ್ತಿರ ಟ್ಯೂಷನ್ ಹಚ್ಚುವುದಕ್ಕೆ ಹಣ ತೆಗೆದಿಟ್ಟಿದ್ದೆವು. ಅದು ಬನಹಟ್ಟಿಯಲ್ಲಿ ತಾಮ್ರದ ತಂತಿಯಾಯಿತು. "ಟ್ಯೂಷನ್ ಯಾಕ, ನಾನ ಹೇಳಿಕೊಡ್ತೇನಿ" ಎಂದು ಕೂತೆ. ಬೇಡಿಕೆಯ ರೇಖೆ ಯಾಕೆ ಕೆಳಗಿಳಿಯುತ್ತದೆ ಎಂದು ಅವಳು ಕೇಳಿದಳು. ನಾನು ಅರ್ಧ ತಾಸು ಸುಂದರವಾಗಿ ಮಾತಾಡಿದೆ. ಅವಳು ಪೆನ್ನು ಕೆಳಗಿಟ್ಟು, "ರೀ, ನಿಮಗ ತಿಳದೈತೊ, ಬರೇ ಮಾತಾಡಾಕತ್ತೀರೊ?" ಎಂದಳು. ಮರುದಿನದಿಂದ ಬೆಳಗಿನ ಜಾವ ಎದ್ದು ತಾನೇ ಓದಿಕೊಂಡಳು. ನನಗೆ ಚಹಾ ಮಾಡುವ ಕೆಲಸ ಕೊಟ್ಟಳು, ಅದನ್ನು ನಾನು ಚೆನ್ನಾಗಿಯೇ ಮಾಡಿದೆ.

ಮಾರ್ಚ್ ಬಂತು. ಮನೆಯ ಮುಂದಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವ ಉಪಾಯ ಹೂಡಿದ್ದೆ. ಸೆಲ್ಫ್ ಏಳದಿದ್ದರೆ ಉರುಳಿಸಿ ಚಾಲೂ ಮಾಡುವುದು. ಕನ್ನಡ ಪೇಪರಿನ ದಿನ ಹೀಗೆ ಉರುಳಿಸಿ ಹೋದೆವು. ಇತಿಹಾಸದ ದಿನ ಓಣಿಯವರೊಬ್ಬರು ತಳ್ಳಿಕೊಟ್ಟರು. ಪ್ರತಿ ಸಲ ಮುಧೋಳದ ಆ ಕಾಲೇಜಿನ ಗೇಟಿನ ಮುಂದೆ ಅವಳನ್ನು ಇಳಿಸಿ, ಇಂಜಿನ್ ಬಂದ್ ಮಾಡದೆ, ಮೀಸೆ ತಿರುವುತ್ತ ನಿಲ್ಲುತ್ತಿದ್ದೆ. ಬಂದ್ ಮಾಡಿದರೆ ಮತ್ತೆ ಏಳುವ ಖಾತ್ರಿ ಇರಲಿಲ್ಲ. ಅವಳು ಪ್ರತಿ ಸಲ "ನಾಳೆ ಬಸ್ಸಿಗೆ ಹೋಗ್ತೇನ್ರಿ" ಎನ್ನುತ್ತಿದ್ದಳು. "ಗೇಟಿನ ತನಕ ಅಂದೇನಿ, ಗೇಟಿನ ತನಕಾನ" ಎಂದು ನಾನು ಬೀಗುತ್ತಿದ್ದೆ.

ಕೊನೆಯ ಪೇಪರು ಅರ್ಥಶಾಸ್ತ್ರ. ಆವತ್ತು ಸೆಲ್ಫ್ ಒಂದೇ ಒತ್ತಿಗೆ ಎದ್ದಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಜಮಖಂಡಿ ದಾಟಿ ಅರ್ಧ ದಾರಿಗೆ ಬಂದೆವು. ಎರಡೂ ಕಡೆ ಕಟಾವಾದ ಕಬ್ಬಿನ ಹೊಲ, ಸುತ್ತ ಒಂದು ಮನೆಯಿಲ್ಲ. ಒಂದು ಉಬ್ಬು ಹಾರಿಸಿದೆ. ಇಂಜಿನ್ ಬಂದ್ ಆಯಿತು. ಬಟನ್ ಒತ್ತಿದೆ, ಟಿಕ್ ಟಿಕ್. ಇನ್ನೊಮ್ಮೆ ಒತ್ತಿದೆ, ಆ ಟಿಕ್ಕೂ ಇಲ್ಲ. ರಸ್ತೆ ನೋಡಿದರೆ ಏರು. ತಳ್ಳಿದೆ, ಓಡಿದೆ, ಬಿದ್ದು ಎದ್ದೆ. ಪ್ಯಾಂಟಿನ ಮೊಣಕಾಲು ಹರಿಯಿತು. ಬೈದೆ, ಯಾರನ್ನು ಬಿಟ್ಟೆ ಹೇಳಿ! ದಲಾಲನನ್ನು, ದನದ ಡಾಕ್ಟರನ್ನು, ಮೂರೂ ಊರಿನ ಮಿಸ್ತ್ರಿಗಳನ್ನು, ಕೊನೆಗೆ ಜಮಖಂಡಿಯ ಆ ತಂಬಾಕಿನವನನ್ನೂ.

"ಆ ಹಡಬಿಟ್ಟಿ ಮೊದಲ ದಿನಾನ ಅಪಶಕುನ ನುಡದ, ಅರ್ಥಿಲ್ಲ ಅಂತ!"

ಹೆಂಡತಿ ರಸ್ತೆಯ ಬದಿಗೆ ನಿಂತು ಕೈಗಡಿಯಾರ ನೋಡುತ್ತಿದ್ದಳು. ಅವಳು ಅಷ್ಟು ಸಿಟ್ಟಾದದ್ದನ್ನು ನಾನು ಮೊದಲು ನೋಡಿರಲಿಲ್ಲ.

"ಅಂವ ಖರೇನ ಹೇಳಿದ್ದ. ಅರ್ಥ್ ಇಲ್ಲ ಅಂತ. ಅರ್ಥ್, ಅರ್ಥ್! ನೆಲದ ವಾಯರ್! ನಮ್ಮಪ್ಪನ ಮನಿಯಾಗ ಮಗ್ಗದ ಹಿಂದ ನೆಲಾ ತೋಡಿ ಮಾಡಿದ ಅರ್ಥಿನ ಕುಣಿ ಇತ್ತು. ದಿನಾ ಒಂದ ಕೊಡ ನೀರ ಅದಕ್ಕ ನಾನ ಹಾಕ್ತಿದ್ದೆ. ಕುಣಿ ಒಣಗಿದ್ರ ಮಗ್ಗ ಮುಟ್ಟಿದ ಕೈಗಿ ಜುಮ್ ಅಂತಿತ್ತು. ಆವತ್ತ ಶೆಡ್ಡಿನ್ಯಾಗ ಹೇಳಾಕ ಬಂದ್ರ ನಿನಗ ಅರ್ಥ ಆಗೂದಿಲ್ಲ ಅಂದ್ರಿ."

ನಮ್ಮ ಕಡೆ ಪದದ ಕೊನೆಯ ಸ್ವರವನ್ನು ನಾವು ನುಂಗುತ್ತೇವೆ. ಅರ್ಥ ಇಲ್ಲ ಎಂದರೂ ಅರ್ಥಿಲ್ಲ, ಅರ್ಥ್ ಇಲ್ಲ ಎಂದರೂ ಅರ್ಥಿಲ್ಲ. ಲೋಪಸಂಧಿಯನ್ನು ಬೋರ್ಡಿನ ಮೇಲೆ ಇಪ್ಪತ್ತನಾಲ್ಕು ವರ್ಷ ಬರೆದವನು ನಾನೇ. ಮಿಸ್ತ್ರಿಯ ಮಾತಿನಲ್ಲಿ ಯಾವ ಸ್ವರವೂ ಲೋಪವಾಗಿರಲಿಲ್ಲ. ಇಲ್ಲದ ಒಂದು ಅಕಾರವನ್ನು ನಾನೇ ಸೇರಿಸಿಕೊಂಡು ಅವಮಾನಪಟ್ಟಿದ್ದೆ.

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಕೇಳಬಾರದಿತ್ತು.

"ಎರಡ ಸಲ ಹೇಳಾಕ ಬಂದೆ. ಎರಡೂ ಸಲ ಸುಮ್ನಿರು ಅಂದ್ರಿ. ಆಮ್ಯಾಲ ನನಗೂ ಸಾಕಾತು, ನನ್ನ ಓದು ನನಗಿತ್ತು."

ಅಷ್ಟರಲ್ಲಿ ಜಮಖಂಡಿ ಕಡೆಯಿಂದ ಬಸ್ಸು ಬಂತು. ಬಾಗಿಲವರೆಗೆ ಜನ. ಊರಿಲ್ಲದ ಕಡೆ ಅದು ನಿಲ್ಲುವ ಬಸ್ಸಲ್ಲ. ಅವಳು ಹಾಲ್ ಟಿಕೆಟನ್ನು ಮೇಲೆತ್ತಿ ಹಿಡಿದು ರಸ್ತೆಯ ನಡುವೆ ಹೋಗಿ ನಿಂತಳು. ಡ್ರೈವರ್ ಬ್ರೇಕು ಹಾಕಿದ. ಒಳಗಿನ ಹೆಂಗಸರು ಕೈ ಚಾಚಿ ಅವಳನ್ನು ಎಳೆದುಕೊಂಡರು. ನಾನು ಐದು ತಿಂಗಳು ಬೇಡ ಬೇಡ ಎಂದ ಫುಕಟ್ ಬಸ್ಸು ಅವಳನ್ನು ಕರೆದುಕೊಂಡು ಹೋಯಿತು. ಅವಳು ತಿರುಗಿ ನೋಡಲಿಲ್ಲ.

ನಾನು ಸೀಟು ತೆಗೆದೆ. ಜಮಖಂಡಿಯ ಮಿಸ್ತ್ರಿ ಬ್ಯಾಟರಿಯಿಂದ ಇಂಜಿನ್ನಿಗೆ ತುಂಡು ವಾಯರ್ ಮುಟ್ಟಿಸಿದಾಗ ಹಾರ್ನ್ ಕೂಗಿದ್ದು ಈಗ ನೆನಪಾಯಿತು. ಬ್ಯಾಟರಿಯಿಂದ ಹೊರಟ ಕರಿ ವಾಯರನ್ನು ಬೆರಳಿನಿಂದ ಹಿಡಿದು ಹಿಂಬಾಲಿಸಿದೆ. ಅದು ಸೀಟಿನ ಕೆಳಗಿನ ಕಬ್ಬಿಣಕ್ಕೆ ಒಂದು ಬೋಲ್ಟಿನಲ್ಲಿ ಸೇರಿತ್ತು. ಬೋಲ್ಟ್ ಸಡಿಲ. ಅದನ್ನು ಗಾಡಿಯ ಟೂಲ್ ಕಿಟ್ಟಿನ ಪಾನಾ ಹಾಕಿ ಬಿಚ್ಚಿದರೆ ಕೆಳಗೆ ಕಬ್ಬಿಣವೇ ಕಾಣಲಿಲ್ಲ, ಬಣ್ಣ ಇತ್ತು. ನಾನು ಮರುಳಾಗಿದ್ದ ಅದೇ ಕೆಂಪು ಬಣ್ಣ, ದಪ್ಪಗೆ. ವಾಯರ್ ಬಣ್ಣವನ್ನು ಮುಟ್ಟಿಕೊಂಡು ಕೂತಿತ್ತು, ಗಾಡಿಯನ್ನು ಮುಟ್ಟಿರಲೇ ಇಲ್ಲ. ಮನೆಯ ಕೀಲಿಕೈಯಿಂದ ಕೆರೆದೆ. ಬಿಳಿ ಕಬ್ಬಿಣ ಕಂಡಿತು. ಬೋಲ್ಟ್ ಬಿಗಿದು ಸೆಲ್ಫ್ ಒತ್ತಿದೆ. ಗಾಡಿ ಒಂದೇ ಸಲಕ್ಕೆ ಎದ್ದಿತು, ಹಾರ್ನ್ ಹೊಲದ ಆಚೆಗೆ ಕೇಳುವಂತೆ ಕೂಗಿತು. ಖರ್ಚು ಏನೂ ಇಲ್ಲ. ಆ ರಸ್ತೆಯಲ್ಲಿ ಒಬ್ಬನೇ ನಿಂತು ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಂಡೆ, ಸುಳ್ಳಲ್ಲ.

ಮುಧೋಳ ಮುಟ್ಟಿದಾಗ ಕಾಲೇಜಿನ ಗೇಟು ಹಾಕಿತ್ತು. ಅವಳು ಒಳಗಿದ್ದಾಳೋ, ತಡವಾಗಿ ವಾಪಸು ಕಳಿಸಿದರೋ ತಿಳಿಯುವಂತಿರಲಿಲ್ಲ. ಕಾವಲಿನ ಪೊಲೀಸನನ್ನು ಕೇಳಿದೆ. "ಹೆಸರ ನಂಬರ ನನಗೇನ್ ಗೊತ್ರಿ, ಆ ಕಡೆ ನಿಲ್ರಿ" ಎಂದ. ಬಸ್ ನಿಲ್ದಾಣಕ್ಕೆ ಹೋಗಿ ಹುಡುಕಿದೆ, ಕಾಣಲಿಲ್ಲ. ಮತ್ತೆ ಬಂದು ಎದುರಿನ ಬೇವಿನ ಮರದ ಕೆಳಗೆ ಮೂರು ತಾಸು ನಿಂತೆ. ಕೂರಲು ಮನಸ್ಸಾಗಲಿಲ್ಲ. ಒಂದು ಮದುವೆಗೆ ಒಂದು ಸಲ, ಒಂದು ಗಾಡಿಗೆ ಇನ್ನೊಂದು ಸಲ, ಒಬ್ಬಳದೇ ಪರೀಕ್ಷೆಯನ್ನು ಎರಡು ಸಲ ಕೆಡಿಸುವ ಗಂಡ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ ಎಂದುಕೊಂಡೆ. ನನಗೆ ನಿಜವಾಗಿ ಅಳು ಬಂದಿತ್ತು.

ಗಂಟೆ ಹೊಡೆಯಿತು. ಹದಿನೆಂಟರ ಹುಡುಗಿಯರು ಗುಂಪು ಗುಂಪಾಗಿ ಹೊರಬಂದರು. ಎಲ್ಲರ ಹಿಂದೆ ಅವಳು, ಪ್ಯಾಡು ಎದೆಗೆ ಹಿಡಿದುಕೊಂಡು.

"ಒಳಗ ಬಿಟ್ರ?"

"ಗೇಟ್ ಹಾಕಾಕತ್ತಿದ್ರು. ಸೀರಿ ಎತ್ತಿ ಕಟ್ಟಿ ಓಡಿದೆ. ಹಾಲ್ ಮುಟ್ಟೂದ್ರಾಗ ಪೇಪರ್ ಕೊಟ್ಟ ಭಾಳೊತ್ತಾಗಿತ್ತು."

"ಪೂರಾ ಬರದಿ?"

"ಐದ ಮಾರ್ಕಿಂದು ಒಂದ ಉಳೀತು. ಬರ್ತಿತ್ತು, ಹೊತ್ತ ಸಾಲಲಿಲ್ಲ." ಆಮೇಲೆ ಗಾಡಿ ನೋಡಿದಳು. "ಇದ ಹೆಂಗ ಬಂತು?"

"ಅರ್ಥಾತು" ಎಂದೆ.

"ಯಾರಿಗಿ? ಗಾಡಿಗೊ, ನಿಮಗೊ?"

"ತಪ್ಪಾತು" ಎಂದೆ. ಲಗ್ನವಾದ ಮೇಲೆ ಆ ಮಾತನ್ನು ಅವಳಿಗೆ ಹೇಳಿದ್ದು ಅದೇ ಮೊದಲು.

"ಯಾವ್ದಕ್ಕ? ಇವತ್ತಿಂದಕ್ಕೊ, ಲಗ್ನದ ತಾರೀಖಿಗೊ?"

"ಎರಡಕ್ಕೂ."

ಅವಳು ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತಳು. "ನಡೀರಿ, ಹೊಟ್ಟಿ ಹಸದೈತಿ" ಎಂದಳು. ಮಧ್ಯಾಹ್ನದ ಬಿಸಿಲಲ್ಲಿ ಇಬ್ಬರೂ ಜಮಖಂಡಿಗೆ ಬಂದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ.

ಫಲಿತಾಂಶ ಬಂತು. ಅವಳು ಪಾಸಾಗಿದ್ದಳು. ಅರ್ಥಶಾಸ್ತ್ರದಲ್ಲಿ ಕನ್ನಡಕ್ಕಿಂತ ಹೆಚ್ಚು ಅಂಕ ಬಂದಿದ್ದವು. ಅದನ್ನು ಅವಳು ಎರಡು ಸಲ ಓದಿ ಹೇಳಿದಳು, ನನಗೆ ಕೇಳಿಸಲಿ ಎಂದು. ಆದರೆ ಎಲ್ಲ ಸೇರಿ ಫಸ್ಟ್ ಕ್ಲಾಸಿಗೆ ನಾಲ್ಕು ಮಾರ್ಕು ಕಡಿಮೆ ಬಿದ್ದಿದ್ದವು. ಬಿಟ್ಟು ಬಂದ ಪ್ರಶ್ನೆ ಐದು ಮಾರ್ಕಿನದು. ಆ ಲೆಕ್ಕವನ್ನು ಅವಳು ಬಾಯಿಬಿಟ್ಟು ಮಾಡಲಿಲ್ಲ. ನಾನು ಮನಸ್ಸಿನಲ್ಲೇ ಮಾಡಿಕೊಂಡು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಸಂಜೆ ಓಣಿಯ ಹೆಂಗಸರು ಪೇಢೆ ತಿನ್ನಲು ಬಂದರು. ಈ ವಯಸ್ಸಿನಾಗ ಅಷ್ಟ ದೂರ ಹೋಗಿ ಹೆಂಗ ಬರದಿವಾ ಎಂದು ಯಾರೋ ಕೇಳಿದರು. ನಾನು ಒಳಗೆ ಕಪ್ಪು ತೊಳೆಯುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ದಿನಾ ನಮ್ಮನಿಯವ್ರ ಗಾಡಿ ಮ್ಯಾಲ ಕರಕೊಂಡ ಹೋಗ್ತಿದ್ರು" ಎಂದಳು ನನ್ನ ಹೆಂಡತಿ. "ಗೇಟಿನ ತನಕಾ."

ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟೆ. ಆಮೇಲೆ ಬಹಳ ಹೊತ್ತು ಹೊರಗೆ ಹೋಗಲಿಲ್ಲ.